ಲ್ಯಾಮಿಂಗ್ಟನ್ ರೋಡಿಗೆ ಹೊರಡುವ ಮೊದಲು

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರಿನಲ್ಲಿ ಗೇಮ್ ತಡವರಿಸಲಿಕ್ಕೆ ಶುರುವಾಯ್ತು ಅಂದ್ರೆ ನಮ್ಮ ಮುಂಬೈ ಹುಡುಗರು ಗ್ರ್ಯಾಂಟ್ ರೋಡ್ ಸ್ಟೇಷನಿನಲ್ಲಿ ಇಳಿದು ನೇರ ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್ ಹಿಡೀತಾರೆ. ಹತ್ತು ಸಾವಿರವೋ ಹನ್ನೆರಡು ಸಾವಿರವೋ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಿಡ್ಕೊಂಡು ಡೊಂಬಿವಲಿಗೋ ನಾಲಾಸೋಪಾರಕ್ಕೋ ವಾಪಸ್. ಹಾಕಿ ನೋಡಿದ್ರೆ ಮೊದಲು 38 ಇದ್ದ ಎಫ್‌ಪಿಎಸ್ (ಸೆಕೆಂಡಿಗೆ ಪರದೆ ಮೇಲೆ ಬರೋ ಫ್ರೇಮ್, ಅಂದ್ರೆ ಚಿತ್ರಗಳ ಲೆಕ್ಕ) ಈಗ 41. ಸಂಬಳದಲ್ಲಿ ಉಳಿಸಿದ ದುಡ್ಡು ಹೀಗೆ ಹೋಗೋದು ನೋಡಿದ್ರೆ ಸಂಕಟ ಆಗ್ತದೆ. ಹಳೆ ಕಂಪ್ಯೂಟರಿಗೆ ಕಾರ್ಡ್ ಕೊಳ್ಳೋದು ಕೊನೆಯ ಕೆಲಸ. ಮೊದಲು ಅಳತೆ ಮಾಡಿ.

ಮಾಟುಂಗದ ಯಾವುದಾದ್ರೂ ಉಡುಪಿ ಹೋಟೆಲಿನ ಅಡುಗೆಮನೆ ನೆನಪು ಮಾಡ್ಕೊಳ್ಳಿ. ಕಾವಲಿ ಮುಂದೆ ದೋಸೆ ಹೊಯ್ಯುವವರು ಒಬ್ಬರು, ಒಳಗೆ ಹಿಟ್ಟು ರುಬ್ಬಿ ಕೊಡುವವರು ಇನ್ನೊಬ್ಬರು. ಹಿಟ್ಟೇ ತಡವಾಗಿ ಬಂದ್ರೆ ಕಾವಲಿ ಎಷ್ಟು ದೊಡ್ಡದಿದ್ದು ಏನು ಪ್ರಯೋಜನ? ಶತ್ರು ಎಲ್ಲಿದ್ದಾನೆ, ಗಾಡಿ ಎತ್ತ ತಿರುಗಿತು, ಏನೇನು ಬಿಡಿಸಬೇಕು ಅನ್ನೋ ಲೆಕ್ಕ ಎಲ್ಲ ಪ್ರೊಸೆಸರಿನದ್ದು. ಅದನ್ನು ಚಿತ್ರ ಮಾಡೋದು ಕಾರ್ಡ್. 60 ಎಫ್‌ಪಿಎಸ್ ಬೇಕಂದ್ರೆ ಒಂದೊಂದು ಫ್ರೇಮಿಗೆ ಸಿಗೋದು 16.7 ಮಿಲಿಸೆಕೆಂಡ್ ಮಾತ್ರ. ಇಬ್ಬರಲ್ಲಿ ಯಾರು ತಡ ಮಾಡ್ತಿದ್ದಾರೆ, ಅದಷ್ಟೇ ಪ್ರಶ್ನೆ.

ಕ್ಯಾಬಿನೆಟ್ಟಿನ ಹಿಂದೆ ಒಂದ್ಸಲ ಕಣ್ಣು ಹಾಯಿಸಿ. ಮಾನಿಟರಿನ ಕೇಬಲ್ ಯುಎಸ್‌ಬಿ ಸಾಲಿನ ಪಕ್ಕ, ಮದರ್‌ಬೋರ್ಡಿನ ಪೋರ್ಟಿಗೆ ಸಿಕ್ಕಿಸಿದ್ದರೆ ನಿಮ್ಮ ಕಾರ್ಡ್ ಕೆಲಸವೇ ಮಾಡದೆ ಕೂತಿರಬಹುದು. ಕೆಳಗೆ ಕಾರ್ಡಿನ ಪೋರ್ಟಿಗೆ ಹಾಕಿ. ಎಫ್‌ಪಿಎಸ್ ಸರಿಯಾಗಿ 30ಕ್ಕೇ ನಿಂತಿದ್ರೆ ಗೇಮಿನ ಸೆಟ್ಟಿಂಗಿನಲ್ಲಿ ವಿ-ಸಿಂಕ್ (ಫ್ರೇಮನ್ನು ಮಾನಿಟರಿನ ತಾಳಕ್ಕೆ ಕಟ್ಟೋದು) ಆಫ್ ಮಾಡಿ ನೋಡಿ. ಲ್ಯಾಪ್‌ಟಾಪ್ ಆದ್ರೆ ಚಾರ್ಜರ್ ಹಾಕಿಯೇ ಪರೀಕ್ಷೆ ಮಾಡಿ.

ಇನ್ನು ಅಳತೆ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಅಂಕಿಗಳನ್ನು ಗೇಮಿನ ಮೇಲೇ ತೋರಿಸೋ ರಿವಾಟ್ಯೂನರ್ ಜೊತೆಗೇ ಬರ್ತದೆ, ಎರಡೂ ಉಚಿತ. ಪರದೆಯ ಮೂಲೆಯಲ್ಲಿ ಕಾರ್ಡಿನ ಬಳಕೆ, ಪ್ರೊಸೆಸರಿನ ಒಂದೊಂದು ಕೋರಿನ (ಅದರೊಳಗೆ ಬೇರೆ ಬೇರೆಯಾಗಿ ದುಡಿಯೋ ಭಾಗದ) ಬಳಕೆ, ಎರಡರ ಬಿಸಿ, ಎರಡರ ಕ್ಲಾಕ್ (ಓಡೋ ವೇಗ), ವಿಡಿಯೊ ಮೆಮೊರಿ, ರ‍್ಯಾಮ್, ಒಂದೊಂದು ಫ್ರೇಮಿಗೆ ಹಿಡಿದ ಹೊತ್ತು ತೋರಿಸೋ ಫ್ರೇಮ್‌ಟೈಮ್ ಗೆರೆ, ಇಷ್ಟು ಬರಲಿ. ಗೇಮಿನಲ್ಲಿ ಒಂದೇ ಜಾಗ ಆರಿಸಿ, ಜನ ತುಂಬಿದ ಮಾರ್ಕೆಟ್ ಆದ್ರೆ ಒಳ್ಳೇದು. ಅಲ್ಲಿ 1080ರಲ್ಲಿ ಓಡಾಡಿ ಎಫ್‌ಪಿಎಸ್ ಬರ್ಕೊಳ್ಳಿ. ಆಮೇಲೆ ರೆಸಲ್ಯೂಷನ್ 720ಕ್ಕೆ ಇಳಿಸಿ, ಅದೇ ದಾರಿಯಲ್ಲಿ ಇನ್ನೊಂದ್ಸಲ. 38 ಇದ್ದದ್ದು 60 ಆಯ್ತಾ? ತಡ ಕಾರ್ಡಿನದ್ದು. 38 ಇದ್ದದ್ದು 40ರಲ್ಲೇ ನಿಂತ್ರೆ ಹಿಟ್ಟು ಬರ್ತಿಲ್ಲ, ಅಂದ್ರೆ ತಡ ಪ್ರೊಸೆಸರಿನದ್ದು, ಎಂಥಾ ಕಾರ್ಡ್ ತಂದ್ರೂ ಆ ಜಾಗದಲ್ಲಿ 40ರ ಆಸುಪಾಸೇ. ಕಾರ್ಡಿನ ಬಳಕೆ ಅಂಕಿಯೂ ಇದನ್ನೇ ಹೇಳ್ತದೆ: 95 ಪರ್ಸೆಂಟಿನ ಮೇಲಿದ್ರೆ ಅದು ದುಡೀತಿದೆ, 60ರಲ್ಲಿದ್ರೆ ಕಾಯ್ತಿದೆ.

ಇಲ್ಲಿ ತುಂಬಾ ಜನ ಮೋಸ ಹೋಗ್ತಾರೆ. ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು 40 ಪರ್ಸೆಂಟ್ ತೋರಿಸ್ತಿದೆ, ಹಾಗಾಗಿ ಪ್ರೊಸೆಸರ್ ಆರಾಮಾಗಿದೆ ಅಂತ ಲೆಕ್ಕ ಹಾಕ್ತಾರೆ. 4 ಕೋರಿನ ಇಂಟೆಲ್ ಐ5 ಪ್ರೊಸೆಸರಿನಲ್ಲಿ ಒಂದೇ ಕೋರ್ ಪೂರ್ತಿ ದುಡಿದ್ರೂ ಒಟ್ಟು ಅಂಕಿ 25 ಅಷ್ಟೇ. ಗೇಮಿನ ಮುಖ್ಯ ಕೆಲಸ ಆ ಒಂದು ಕೋರಿನಲ್ಲೇ ಸಿಕ್ಕಿಬಿದ್ದಿರ್ತದೆ. ಅದಕ್ಕೇ ಕೋರ್ ಕೋರ್ ಬೇರೆಯಾಗಿ ನೋಡಿ ಅಂದದ್ದು.

ಮೊದಲ ಐದು ನಿಮಿಷ ಗೇಮ್ ಚೆಂದ ಓಡಿ, ಆಮೇಲೆ ಕುಸಿದ್ರೆ? ಅದು ಬಿಸಿ, ಹತ್ತರಲ್ಲಿ ಒಂಬತ್ತು ಸಲ. ಪ್ರೊಸೆಸರ್ 100 ಡಿಗ್ರಿ ಹತ್ತಿರ ಹೋದಾಗ ತನ್ನನ್ನು ಉಳಿಸ್ಕೊಳ್ಳಲಿಕ್ಕೆ ಕ್ಲಾಕ್ ತಾನೇ ಇಳಿಸ್ತದೆ. 3.6 ಗಿಗಾಹರ್ಟ್ಸ್ ಇದ್ದದ್ದು 2ಕ್ಕೆ ಬಿದ್ದದ್ದು ಪರದೆ ಮೇಲೇ ಕಾಣ್ತದೆ. ನಮ್ಮೂರಿನ ಹವೆ ಇದಕ್ಕೆ ತುಪ್ಪ ಸುರೀತದೆ. ಎಸಿ ಅಂಗಡಿಯ 24 ಡಿಗ್ರಿಯಲ್ಲಿ 70 ತೋರಿಸಿದ ಕಾರ್ಡ್ ಮೇ ತಿಂಗಳಲ್ಲಿ ನಿಮ್ಮ 33 ಡಿಗ್ರಿ ರೂಮಿನಲ್ಲಿ 79 ತೋರಿಸ್ತದೆ. ಅದಲ್ಲದೆ ಇಲ್ಲಿಯ ಧೂಳು ಒಣ ಧೂಳಲ್ಲ. ಸಮುದ್ರದ ತೇವ ಹೀರಿ, ಒಗ್ಗರಣೆಯ ಜಿಡ್ಡು ಸೇರಿ, ಕೂಲರಿನ ಅಲ್ಯೂಮಿನಿಯಂ ಎಸಳುಗಳ ನಡುವೆ ಬೂದು ಕಂಬಳಿ ಹಾಗೆ ಅಂಟಿಕೊಳ್ತದೆ. ಮೇಲಿಂದ ಫ್ಯಾನ್ ಮಾತ್ರ ಕಾಣ್ತದೆ, ಕಂಬಳಿ ಇರೋದು ಫ್ಯಾನಿನ ಅಡಿಯಲ್ಲಿ.

ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಲ್ಲಿ ಒತ್ತಿ ಹಿಡೀರಿ, ಗಾಳಿಗೆ ಗಿರಗಿರ ತಿರುಗಿದ್ರೆ ಬೇರಿಂಗ್ ಹಾಳು. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸೋ ಪೇಸ್ಟ್ ನಾಲ್ಕೈದು ವರ್ಷ ಹಳೇದಾಗಿದ್ರೆ ಕೂಲರ್ ತೆಗೀರಿ. ತೆಗೆಯೋ ಮೊದಲು ಕಂಪ್ಯೂಟರ್ ಹತ್ತು ನಿಮಿಷ ಓಡಿಸಿ, ಪೇಸ್ಟ್ ಬೆಚ್ಚಗಾಗಿ ಸಡಿಲ ಆಗ್ತದೆ. ಆಮೇಲೆ ಪ್ಲಗ್ ಕಿತ್ತು ಕೈ ಹಾಕಿ. ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸದು. ಸವರಬೇಡಿ, ಕೂಲರ್ ಒತ್ತಿದಾಗ ತಾನೇ ಹರಡ್ತದೆ. ಇಂಟೆಲಿನ ಹಳೆ ಕೂಲರಿನ ನಾಲ್ಕು ಪಿನ್ನುಗಳನ್ನು ಕರ್ಣದ ಲೆಕ್ಕದಲ್ಲಿ, ಅಂದ್ರೆ ಎದುರುಬದುರು ಮೂಲೆ ಸೇರಿಸಿ, ಟಕ್ ಅನ್ನೋವರೆಗೆ ಒತ್ತಿ. ಒಂದು ಪಿನ್ ಅರ್ಧ ಕೂತ್ರೆ ಕೂಲರ್ ಓರೆಯಾಗಿ, ಪೇಸ್ಟ್ ಹಾಕಿದ್ದೇ ವ್ಯರ್ಥ. ಬೋರ್ಡಿನ ಹಿಂದೆ ನಾಲ್ಕೂ ಪಿನ್ ಹೊರಗೆ ಬಂದಿದೆಯಾ ಅಂತ ಮುಟ್ಟಿ ನೋಡಿ.

ಆಫೀಸುಗಳು ಮಾರಿದ ಹಳೆ ಕಂಪ್ಯೂಟರ್ ತಂದವರು ರ‍್ಯಾಮ್ ಕಡೆ ನೋಡಲೇಬೇಕು. ಅದರಲ್ಲಿ 8 ಜಿಬಿಯ ಒಂದೇ ಸ್ಟಿಕ್ ಇರೋದು ಮಾಮೂಲು. ಡಿಡಿಆರ್3-1600 ಅನ್ನೋ ಹಳೆ ರ‍್ಯಾಮಿನ ಒಂದು ಚಾನೆಲಿನಲ್ಲಿ (ಪ್ರೊಸೆಸರಿಗೆ ಹೋಗೋ ದಾರಿಯಲ್ಲಿ) ಸೆಕೆಂಡಿಗೆ 12.8 ಜಿಬಿ ಹರೀತದೆ, ಎರಡನೇ ಚಾನೆಲ್ ತೆರೆದ್ರೆ 25.6. ಕಾರ್ಡೇ ಇಲ್ಲದೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ನಂಬಿದವರಿಗಂತೂ ಇದೇ ದೊಡ್ಡ ಲಾಭ, ಯಾಕಂದ್ರೆ ಆ ಗ್ರಾಫಿಕ್ಸಿಗೆ ಬೇರೆ ಮೆಮೊರಿ ಇಲ್ಲ. ಅದೇ ವೇಗದ ಇನ್ನೊಂದು ಸ್ಟಿಕ್ ಹಾಕಿ, ಸಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ತೆರೆದು ಮೆಮೊರಿ ಪುಟದಲ್ಲಿ ಡ್ಯುಯಲ್ ಅಂತಲೋ 2 x 64-bit ಅಂತಲೋ ಬಂದಿದೆಯಾ ನೋಡಿ.

ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದ್ರೆ ಎಫ್‌ಪಿಎಸ್ ಏರೋದಿಲ್ಲ, ಆದ್ರೆ ಹೊಸ ಜಾಗಕ್ಕೆ ಹೋದಾಗ ಅರ್ಧ ಸೆಕೆಂಡ್ ಗಕ್ಕನೆ ನಿಲ್ಲೋದು ತಪ್ತದೆ. ವಿಡಿಯೊ ಮೆಮೊರಿ ತುಂಬಿ ಜಗ್ಗಿದ್ರೆ ಗೇಮಿನ ಸೆಟ್ಟಿಂಗಿನಲ್ಲಿ ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿ, ಸಾಕು.

ಇಷ್ಟೆಲ್ಲ ಮಾಡಿಯೂ ಕಾರ್ಡ್ 98ರಲ್ಲೇ ಇದ್ದು ಫ್ರೇಮ್ ಬರದಿದ್ರೆ ಈಗ ಗ್ರ್ಯಾಂಟ್ ರೋಡ್ ಟಿಕೆಟ್ ತಗೊಳ್ಳಿ. ಪವರ್ ಸಪ್ಲೈಯಿಂದ ಕಾರ್ಡಿಗೇ ಬೇರೆಯಾಗಿ ಕರೆಂಟ್ ಕೊಡೋ ಪಿಸಿಐಇ ವೈರ್ ಬರದಿದ್ರೆ 75 ವ್ಯಾಟಿನ ಒಳಗಿನ ಕಾರ್ಡೇ ಗತಿ. ಜಿಟಿಎಕ್ಸ್ 1050 ಟಿಐ ಅಂಥದ್ದು, ಆದ್ರೆ ಆ ಪೀಳಿಗೆಗೆ ಎನ್ವಿಡಿಯಾ ಹೊಸ ಗೇಮ್ ಡ್ರೈವರ್ ಕೊಡೋದು 2025ರ ಅಕ್ಟೋಬರಿಗೆ ನಿಂತಿದೆ. ಆ ವೈರ್ ಇದ್ರೂ ಆರ್‌ಎಕ್ಸ್ 6500 ಎಕ್ಸ್‌ಟಿ ಬೇಡ ಅಂತಲೇ ನನ್ನ ಅಭಿಪ್ರಾಯ: ಬೋರ್ಡಿನ ಜೊತೆ ಡೇಟಾ ಓಡಾಡಲಿಕ್ಕೆ ಅದಕ್ಕಿರೋದು 4 ಲೇನ್, ಹಳೆ ಪಿಸಿಐಇ 3.0 ಬೋರ್ಡಿನಲ್ಲಿ ಹರಿವು ಅರ್ಧ, 4 ಜಿಬಿ ಮೆಮೊರಿ ತುಂಬಿದ ತಕ್ಷಣ ಒದ್ದಾಡ್ತದೆ. ಆರ್‌ಎಕ್ಸ್ 580 ಅಂತ ಕೊಟ್ಟರೆ 2048 ಎಸ್‌ಪಿ (ಕಾರ್ಡಿನೊಳಗೆ ಲೆಕ್ಕ ಮಾಡೋ ಚಿಕ್ಕ ಘಟಕ) ಮಾಡೆಲ್ ಅಲ್ಲ ತಾನೇ ಅಂತ ಕೇಳಿ, ನಿಜವಾದ 580ರಲ್ಲಿ 2304 ಇರ್ತದೆ. ಪೆನ್‌ಡ್ರೈವಿನಲ್ಲಿ ಕಾರ್ಡಿನ ವಿವರ ತೋರಿಸೋ ಜಿಪಿಯು-ಝಡ್ ಸಾಫ್ಟ್‌ವೇರ್ ಒಯ್ದು ಅಂಗಡಿಯ ಕಂಪ್ಯೂಟರಿನಲ್ಲೇ ತೆರೀರಿ. ಕಾರ್ಡಿನ ಬಯಾಸ್ (ಅದರೊಳಗೇ ಬರೆದಿಟ್ಟ ಸಾಫ್ಟ್‌ವೇರ್) ತಿದ್ದಿ ಹಳೆ ಚಿಪ್ಪಿಗೆ ಹೊಸ ಹೆಸರು ಇಟ್ಟಿದ್ರೆ ಅದು ಹೆಸರಿನ ಮುಂದೇ ನಕಲಿ ಅಂತ ತೋರಿಸ್ತದೆ. ಹದಿನೈದು ನಿಮಿಷ ಲೋಡಿನಲ್ಲಿ ಓಡಿಸಿ, ಬಿಸಿ ಎಲ್ಲಿಗೆ ನಿಲ್ತದೆ ನೋಡಿ, ಆಮೇಲೆ ದುಡ್ಡು ಎಣಿಸಿ.