ವ್ಯಾಕ್ಯೂಮ್ ಮಾಡುವಾಗಲೇ ಮನೆಗೆ ಪರಿಮಳ: ಎಣ್ಣೆ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

[ದೃಶ್ಯ: ಹೆಂಚಿನ ಮನೆಯ ನಡುಮನೆ. ಕಿಟಕಿಯಾಚೆ ಜಡಿ ಮಳೆ. ಜಮಖಾನದ ಮೇಲೆ ವ್ಯಾಕ್ಯೂಮ್ ಕ್ಲೀನರ್ ಓಡುತ್ತಿದೆ.]

ಆಷಾಢದ ಮಳೆ ಹಿಡಿದುಕೊಂಡಿತು ಅಂದ್ರೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಮನೆಯೊಳಗೆ ಆ ಮುಗ್ಗಲು ವಾಸನೆ ಶುರು. ಹಾಸಿಗೆ, ಸೋಫಾ, ಜಮಖಾನ, ಬೀರುವಿನಲ್ಲಿರೋ ಸೀರೆ, ಯಾವುದನ್ನೂ ಬಿಡಲ್ಲ. ವ್ಯಾಕ್ಯೂಮ್ ಮಾಡಿದ್ರೆ ಕಮ್ಮಿ ಆಗಬೇಕಿತ್ತು. ಎಷ್ಟೋ ಮನೆಗಳಲ್ಲಿ ಜಾಸ್ತಿನೇ ಆಗುತ್ತೆ. ಸ್ವಿಚ್ ಹಾಕಿ ಎರಡು ನಿಮಿಷ ಆಗಿರಲ್ಲ, ನೆನೆದ ನಾಯಿ ಪಕ್ಕದಲ್ಲಿ ಬಂದು ಮೈ ಕೊಡವಿದ ಹಾಗಿರುತ್ತೆ.

ಅದಕ್ಕೇ ಜನ ಮಿಷನ್ನೊಳಗೆ ಎಣ್ಣೆ, ಪೌಡರ್, ಕರ್ಪೂರ, ಸೆಂಟು ಅಂತ ಏನೇನೋ ಹಾಕಿ ನೋಡ್ತಾರೆ. ಅದರಲ್ಲಿ ಕೆಲವು ನಿಜವಾಗಿ ಕೆಲಸ ಮಾಡುತ್ತೆ. ಕೆಲವು ಫಿಲ್ಟರನ್ನ ಹಾಳು ಮಾಡುತ್ತೆ. ಒಂದೆರಡಂತೂ ಬೆಂಕಿ ಹಚ್ಚಿಕೊಳ್ಳೋ ಕೆಲಸ. ಯಾಕೆ ಅಂತ ಗೊತ್ತಾಗಬೇಕಾದ್ರೆ ಮೊದಲು ಗಾಳಿ ಓಡಾಡೋ ದಾರಿ ನೋಡಬೇಕು.

[ದೃಶ್ಯ: ಮಿಷನ್ನಿನ ಅಡ್ಡಕೊಯ್ತದ ಚಿತ್ರ. ಗಾಳಿಯ ದಾರಿ ನೀಲಿ ಗೆರೆಯಲ್ಲಿ.]

ಬಾಯಿಂದ ಎಳೆದ ಗಾಳಿ ಪೈಪಿನಲ್ಲಿ ಬಂದು ಧೂಳಿನ ಚೀಲಕ್ಕೋ ಡಬ್ಬಿಗೋ ಸೇರುತ್ತೆ. ಕಸ ಅಲ್ಲೇ ಉಳಿಯುತ್ತೆ. ಗಾಳಿ ಮಾತ್ರ ಮೋಟರ್ ಮುಂದಿನ ಫಿಲ್ಟರ್ ದಾಟಿ, ಮೋಟರನ್ನ ತಣ್ಣಗೆ ಮಾಡಿಕೊಂಡು, ಕೊನೆಯ ಫಿಲ್ಟರ್ ಮೂಲಕ ಹಿಂದಿನ ಜಾಲರಿಯಿಂದ ಹೊರಗೆ ಬರುತ್ತೆ. ಅಲ್ಲಿ ಕೈ ಇಟ್ಟು ನೋಡಿ, ಬೆಚ್ಚಗಿರುತ್ತೆ. ಈ ಬೆಚ್ಚನೆ ಗಾಳಿನೇ ನಮಗೆ ಬೇಕಾಗಿರೋದು. ಒಂದು ಹನಿ ಸುಗಂಧದ ಎಣ್ಣೆ ಅದಕ್ಕೆ ಸಿಕ್ಕಿದ್ರೆ ಬೇಗ ಆವಿಯಾಗಿ ಕೋಣೆ ತುಂಬುತ್ತೆ.

ಹೆಪಾ ಫಿಲ್ಟರ್ ಇದ್ರೆ ಪರಿಮಳ ಅಲ್ಲೇ ತಡೆದುಬಿಡಲ್ವಾ ಅಂತ ಕೇಳ್ತೀರಿ. ತಡೆಯಲ್ಲ. ಹೆಪಾ ಹಿಡಿಯೋದು ಕಣಗಳನ್ನ, 0.3 ಮೈಕ್ರಾನ್ ಗಾತ್ರದ್ದನ್ನೂ 99.97 ಪರ್ಸೆಂಟ್ ಹಿಡಿಯುತ್ತೆ. ವಾಸನೆಯ ಅಣು ಅದಕ್ಕಿಂತ ನೂರಾರು ಪಾಲು ಚಿಕ್ಕದು, ಆರಾಮಾಗಿ ನುಸುಳಿಕೊಂಡು ಹೋಗುತ್ತೆ. ಪರಿಮಳ ಹೋಗೋ ದಾರಿಯಲ್ಲೇ ದುರ್ವಾಸನೆನೂ ಹೋಗೋದು. ವಾಸನೆಯನ್ನ ಹಿಡಿದಿಡೋದು ಇದ್ದಿಲಿನ ಫಿಲ್ಟರ್ ಮಾತ್ರ. ನಿಮ್ಮ ಮಿಷನ್ನಿನಲ್ಲಿ ಕಪ್ಪಗಿರೋ ಕಾರ್ಬನ್ ಫಿಲ್ಟರ್ ಇದ್ರೆ ಚೀಲದೊಳಗೆ ಎಣ್ಣೆ ಹಾಕೋದು ದಂಡ. ಅರ್ಧ ಪರಿಮಳ ಅದೇ ಕುಡಿದುಬಿಡುತ್ತೆ, ಜೊತೆಗೆ ದುರ್ವಾಸನೆ ಹೀರೋ ಶಕ್ತಿನೂ ಕಳಕೊಳ್ಳುತ್ತೆ.

[ದೃಶ್ಯ: ಬ್ರಷ್‌ಗೆ ಸುತ್ತಿಕೊಂಡ ಕೂದಲನ್ನ ಕತ್ತರಿಯಿಂದ ಉದ್ದಕ್ಕೆ ಕತ್ತರಿಸಿ ಎಳೆಯುವುದು.]

ಪರಿಮಳಕ್ಕೆ ಕೈ ಹಾಕೋ ಮುಂಚೆ ಮಿಷನ್ನಿನದೇ ವಾಸನೆ ತೆಗೀಬೇಕು. ಇಲ್ಲಾಂದ್ರೆ ಮುಗ್ಗಲಿನ ಜೊತೆ ನಿಂಬೆ ಸೇರಿ, ಎರಡೂ ಅಲ್ಲದ ಮೂರನೇದೊಂದು ಹುಟ್ಟುತ್ತೆ, ಅದು ಇನ್ನೂ ಕೆಟ್ಟದು. ಚೀಲ ಮುಕ್ಕಾಲು ತುಂಬಿದ್ರೆ ಬದಲಾಯಿಸಿ. ಡಬ್ಬಿ ಆದ್ರೆ ಪ್ರತಿ ಸಲ ಖಾಲಿ ಮಾಡಿ. ಬ್ರಷ್ ರೋಲರಿಗೆ ಸುತ್ತಿರೋ ಕೂದಲು, ದಾರ ಕತ್ತರಿಸಿ ತೆಗೀರಿ. ಪೈಪನ್ನ ಬೆಳಕಿಗೆ ಹಿಡಿದು ನೋಡಿ, ಒಳಗೆ ಒದ್ದೆ ಕಸ ಅಂಟಿಕೊಂಡಿರೋದು ಮಾಮೂಲಿ.

ನಮ್ಮ ಕಡೆ ನಿಜವಾದ ಕಳ್ಳ ಅಂದ್ರೆ ಅರೆಬರೆ ಒಣಗಿದ ಫಿಲ್ಟರ್. ತೊಳೆಯೋ ಫೋಮ್ ಫಿಲ್ಟರ್ 24 ಗಂಟೆಯಲ್ಲಿ ಒಣಗುತ್ತೆ ಅಂತ ಮಿಷನ್ ಜೊತೆ ಬರೋ ಪುಸ್ತಕದಲ್ಲಿ ಹಾಕಿರ್ತಾರೆ. ಆ ಲೆಕ್ಕ ಜುಲೈ ತಿಂಗಳ ಮಲೆನಾಡಿಗೆ ನಡೆಯಲ್ಲ. ಎರಡು ದಿನ, ಕೆಲವು ಸಲ ಮೂರು ದಿನವೂ ಬೇಕಾಗುತ್ತೆ. ಮೇಲೆ ಒಣಗಿದ ಹಾಗೆ ಕಂಡರೂ ನಡುವೆ ತೇವ ಇರುತ್ತೆ. ಹಾಗೇ ಹಾಕಿ ಓಡಿಸಿದ್ರೆ ಧೂಳು ಕೆಸರಾಗಿ ಅಂಟಿ, ಎರಡೇ ದಿನದಲ್ಲಿ ಹುಳಿ ವಾಸನೆ. ಅದಕ್ಕೆ ಒಂದು ಫಿಲ್ಟರ್ ಹೆಚ್ಚಿಗೆ ತಂದಿಟ್ಟುಕೊಳ್ಳಿ, ಒಂದು ಒಣಗ್ತಿರೋವಾಗ ಇನ್ನೊಂದು ಓಡುತ್ತೆ. ಬಚ್ಚಲೊಲೆ ಹತ್ತಿರ ಇಟ್ಟು ಒಣಗಿಸೋಣ ಅನ್ನಿಸುತ್ತೆ, ಬೇಡಿ. ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗುತ್ತೆ. ಹೊಗೆ ವಾಸನೆ ಒಂದು ಸಲ ಫೋಮಿಗೆ ಹತ್ತಿತು ಅಂದ್ರೆ ತೊಳೆದ್ರೂ ಹೋಗಲ್ಲ.

ಇನ್ನು ರಬ್ಬರ್ ಸುಟ್ಟ ವಾಸನೆ ಬಂದ್ರೆ ಬೆಲ್ಟ್ ಜಾರ್ತಿದೆ ಅಂತ ಅರ್ಥ, ರೋಲರ್ ಬಿಗಿದಿರಬಹುದು. ವೈರ್ ಸುಟ್ಟ ವಾಸನೆ ಬಂದ್ರೆ ಪ್ಲಗ್ ಕಿತ್ತು ರಿಪೇರಿಗೆ ಕೊಡಿ. ಇವೆರಡನ್ನ ಎಣ್ಣೆ ಹಾಕಿ ಮುಚ್ಚೋ ಪ್ರಯತ್ನ ಮಾತ್ರ ಬೇಡ.

[ದೃಶ್ಯ: ಮೇಜಿನ ಮೇಲೆ ಹಳೆ ಪಂಚೆಯ ತುಂಡು, ಒಣಗಿದ ಮಜ್ಜಿಗೆ ಹುಲ್ಲು, ಲವಂಗ, ಏಲಕ್ಕಿ, ದಾರ. ಕ್ಯಾಮೆರಾ ಹತ್ತಿರದಿಂದ.]

ಈಗ ನಾವು ಎಲ್ಲಕ್ಕಿಂತ ಮೊದಲು ಹೇಳೋ ವಿಧಾನ. ಇದಕ್ಕೆ ಬಾಟಲಿ ಎಣ್ಣೆನೂ ಬೇಕಾಗಿಲ್ಲ. ಹಳೆ ಪಂಚೆಯಿಂದ 10 ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿಕೊಳ್ಳಿ. ಹಿತ್ತಲಲ್ಲಿ ಮಜ್ಜಿಗೆ ಹುಲ್ಲು, ಅಂದ್ರೆ ನಿಂಬೆ ಹುಲ್ಲು, ಇದ್ದೇ ಇರುತ್ತೆ, ಅದನ್ನ ನೆರಳಲ್ಲಿ, ಮುರಿದರೆ ಟಪ್ ಅನ್ನೋವರೆಗೂ ಒಣಗಿಸಿ. ಬಿಸಿಲಲ್ಲಿ ಹಾಕಿದ್ರೆ ಒಣಗೋದ್ರ ಜೊತೆಗೆ ಸುವಾಸನೆನೂ ಹಾರಿಹೋಗುತ್ತೆ. ಬೆರಳಿನ ಗೆಣ್ಣಿನಷ್ಟು ಉದ್ದಕ್ಕೆ ಕತ್ತರಿಸಿ ಎರಡು ಚಮಚ ತಗೊಳ್ಳಿ. ಮೂರು ಲವಂಗ, ಎರಡು ಏಲಕ್ಕಿ, ಎರಡನ್ನೂ ಕಲ್ಲಲ್ಲಿ ಒಂದೇ ಪೆಟ್ಟು ಜಜ್ಜಿ. ಪುಡಿ ಮಾಡಬೇಡಿ, ಪುಡಿ ಬಟ್ಟೆಯಿಂದ ಸೋರುತ್ತೆ. ಎಲ್ಲ ಸೇರಿಸಿ ದಾರದಲ್ಲಿ ಕಟ್ಟಿ.

ಏಲಕ್ಕಿಯ ವಿಷಯ ಒಂದು ಮಾತು. ಪಾಯಸಕ್ಕೆ ಕಾಳು ಬಿಡಿಸಿದ ಮೇಲೆ ಉಳಿಯೋ ಸಿಪ್ಪೆನೂ ಹಾಕಬಹುದು, ಆದರೆ ಎಣ್ಣೆ ಇರೋದು ಬಹುಪಾಲು ಕಾಳಲ್ಲಿ. ಬರೀ ಸಿಪ್ಪೆ ಆದ್ರೆ ಹತ್ತು ಹನ್ನೆರಡು ಬೇಕು.

[ದೃಶ್ಯ: ಗಂಟನ್ನ ಹಿಂದಿನ ಜಾಲರಿಯ ಮೂಲೆಗೆ ಕಟ್ಟುವುದು.]

ಗಂಟು ಕಟ್ಟಬೇಕಾದ್ದು ಗಾಳಿ ಹೊರಗೆ ಬರೋ ಜಾಲರಿಯ ಮೂಲೆಗೆ, ಹೊರಗಡೆಯಿಂದ. ಜಾಲರಿಯ ಕಾಲು ಭಾಗಕ್ಕಿಂತ ಹೆಚ್ಚು ಮುಚ್ಚಬಾರದು. ಗಾಳಿ ಕಟ್ಟಿಕೊಂಡ್ರೆ ಮೋಟರ್ ಕಾಯುತ್ತೆ, ಮೋಟರ್ ಕಾದ್ರೆ ಎಷ್ಟೋ ಮಿಷನ್ ತಾನಾಗೇ ನಿಂತುಬಿಡುತ್ತೆ. ಒಂದು ಸಣ್ಣ ಪರೀಕ್ಷೆ ಇದೆ: ಗಂಟು ಕಟ್ಟೋ ಮುಂಚೆ ಪೈಪಿನ ಬಾಯಿಗೆ ಅಂಗೈ ಹಿಡಿದು ಎಳೆತ ನೋಡಿಕೊಳ್ಳಿ, ಕಟ್ಟಿದ ಮೇಲೆ ಇನ್ನೊಂದು ಸಲ. ವ್ಯತ್ಯಾಸ ಗೊತ್ತಾದ್ರೆ ಗಂಟು ದೊಡ್ಡದಾಯ್ತು.

ಬಾಟಲಿ ಎಣ್ಣೆ ಬಳಸೋರು ಇದೇ ಜಾಗಕ್ಕೆ 5 ಸೆಂಟಿಮೀಟರ್ ಹತ್ತಿ ಬಟ್ಟೆ ಕಟ್ಟಿ. ಅದಕ್ಕೆ ಎರಡು ಹನಿ, ಹೆಚ್ಚಂದ್ರೆ ಮೂರು. ಹಾಕಿ ಹತ್ತು ನಿಮಿಷ ಬಿಟ್ಟು ಆಮೇಲೆ ಸ್ವಿಚ್ ಹಾಕಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಆಗುತ್ತೆ. 10 ಮಿಲಿ ಬಾಟಲಿ ಅಂದ್ರೆ 200 ಹನಿ, ಸಲಕ್ಕೆ ಮೂರರಂತೆ 66 ಸಲ ಬರುತ್ತೆ. ವಾರಕ್ಕೊಂದು ಸಲದ ಲೆಕ್ಕದಲ್ಲಿ ವರ್ಷಕ್ಕೂ ಮೀರಿ. ಹಾಗಾಗಿ ಅಗ್ಗದ್ದು ತರೋ ಅಗತ್ಯ ಏನೂ ಇಲ್ಲ.

[ದೃಶ್ಯ: ಬಿಳಿ ಕಾಗದದ ಮೇಲೆ ಎರಡು ಎಣ್ಣೆಯ ಹನಿಗಳು. ಮರುದಿನ ಒಂದು ಮಾಯ, ಇನ್ನೊಂದು ಜಿಡ್ಡಿನ ಕಲೆ.]

ಅಗ್ಗದ್ದರಲ್ಲಿ ಏನಿರುತ್ತೆ ಅಂತ ನೋಡಬೇಕಾದ್ರೆ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಮಾರನೇ ದಿನ ನೋಡಿ. ನೀಲಗಿರಿ ಎಣ್ಣೆ, ನಿಂಬೆ ಹುಲ್ಲಿನ ಎಣ್ಣೆ ಅಪ್ಪಟ ಆಗಿದ್ರೆ ಬಹುತೇಕ ಹಾರಿಹೋಗಿರುತ್ತೆ. ಬಜ್ಜಿ ಕಟ್ಟಿದ ಕಾಗದದ ಹಾಗೆ ಜಿಡ್ಡು ಕಲೆ ಉಳಿದಿದ್ರೆ ಬೇರೆ ಎಣ್ಣೆ ಬೆರೆಸಿದಾರೆ. ಆ ಜಿಡ್ಡು ಧೂಳು ಹಿಡಿಯುತ್ತೆ, ದಿನ ಹೋದ ಹಾಗೆ ಕಮಟು ವಾಸನೆಯನ್ನೂ ಕೊಡುತ್ತೆ. ಲಾವಂಚ, ಶ್ರೀಗಂಧಕ್ಕೆ ಈ ಪರೀಕ್ಷೆ ನಡೆಯಲ್ಲ. ಅವು ಅಪ್ಪಟ ಆಗಿದ್ದರೂ ಮಂದ, ನಿಧಾನಕ್ಕೆ ಹಾರುತ್ತವೆ. ಇಪ್ಪತ್ತು ನಿಮಿಷದ ವ್ಯಾಕ್ಯೂಮ್ ಕೆಲಸಕ್ಕೆ ಅವು ತಕ್ಕದ್ದೂ ಅಲ್ಲ. ಲಾವಂಚದ ಬೇರನ್ನೇ ಬೀರುವಿನಲ್ಲಿಡಿ, ಅದು ಅಲ್ಲಿಗೇ ಚೆಂದ.

ಯಾವ ಎಣ್ಣೆ ಅಂತ ನಮ್ಮನ್ನ ಕೇಳಿದ್ರೆ ನಿಂಬೆ ಹುಲ್ಲಿನದ್ದು ಎರಡು ಹನಿ, ಲವಂಗದ್ದು ಒಂದು. ಮೊದಲನೇದು ಬೇಗ ಏಳುತ್ತೆ, ಎರಡನೇದು ಕೆಲಸ ಮುಗಿದ ಮೇಲೂ ಒಂದು ಗಂಟೆ ನಿಲ್ಲುತ್ತೆ. ಕಿತ್ತಳೆ, ನಿಂಬೆ ಸಿಪ್ಪೆಯ ಎಣ್ಣೆ ಹಾಕೋರು ಹುಷಾರು. ಅದರಲ್ಲಿರೋ ಲಿಮೋನೀನ್ ಥರ್ಮೋಕೋಲನ್ನೇ ಕರಗಿಸುತ್ತೆ. ಧೂಳಿನ ಡಬ್ಬಿಯ ಪಾರದರ್ಶಕ ಪ್ಲಾಸ್ಟಿಕ್ಕಿಗೆ ತಾಗಿದ್ರೆ ಮಂಕಾಗಿ ಬಿರುಕು ಬಿಡಬಹುದು. ಬಟ್ಟೆಗೆ ಮಾತ್ರ ತಾಗಲಿ.

ಕಾಫಿ ನಾಡಿನಲ್ಲಿ ಇದ್ದುಕೊಂಡು ಕಾಫಿ ಯಾಕೆ ಬೇಡ ಅಂದ್ರೆ, ಬೀಜ ಆದ್ರೆ ಅಡ್ಡಿ ಇಲ್ಲ. ಹುರಿದ ಇಡೀ ಬೀಜ ಏಳೆಂಟು ಗಂಟಿಗೆ ಸೇರಿಸಿ. ಪುಡಿ ಮಾತ್ರ ಹಾಕಬೇಡಿ. ಫಿಲ್ಟರಿನ ರಂಧ್ರಕ್ಕೆ ಹೋಗಿ ಕೂರುತ್ತೆ, ಅದರ ಜಿಡ್ಡು ಹದಿನೈದು ದಿನಕ್ಕೆ ಹಳಸುತ್ತೆ. ಕಾಫಿ ಸೋಸಿದ ಮೇಲೆ ಉಳಿಯೋ ಗಸಿ ಒದ್ದೆ, ಅದರ ಮಾತೇ ಬೇಡ.

[ದೃಶ್ಯ: ನಾಲ್ಕು ಬಗೆಯ ಮಿಷನ್‌ಗಳು ಸಾಲಾಗಿ.]

ಚೀಲದ ಮಿಷನ್ ಇದ್ರೆ ಗಂಟನ್ನ ಚೀಲದೊಳಗೂ ಹಾಕಬಹುದು, ಹೊಸ ಚೀಲ ಕೂರಿಸೋವಾಗ ಕೈಯಿಂದ. ಪೈಪಿನಿಂದ ಎಳೆಸಬೇಡಿ, ಎಲ್ಲಾದರೂ ಸಿಕ್ಕಿಹಾಕಿಕೊಳ್ಳುತ್ತೆ. ಲವಂಗವನ್ನ ಬಿಡಿಯಾಗಿ ಹಾಕಿದ್ರೆ ಚೂಪಾದ ತುದಿ ಕಾಗದದ ಚೀಲವನ್ನ ಚುಚ್ಚುತ್ತೆ. ಎಣ್ಣೆಯನ್ನ ನೇರವಾಗಿ ಚೀಲಕ್ಕೆ ತೊಟ್ಟಿಕ್ಕಿದ್ರೆ ಆ ಜಾಗ ನೆನೆದು ಗಾಳಿ ಆಡಲ್ಲ.

ಡಬ್ಬಿ ಮಿಷನ್ನಿನಲ್ಲಿ ಒಳಗೆ ಏನೂ ಹಾಕಬೇಡಿ. ಅಲ್ಲಿ ಗಾಳಿ ಸುಳಿಯಾಗಿ ತಿರುಗಿ ಧೂಳನ್ನ ಬೇರೆ ಮಾಡುತ್ತೆ, ಹತ್ತಿ ಉಂಡೆ ಬಿದ್ರೆ ಸುಳಿನೇ ಕೆಡುತ್ತೆ. ಹೊರಗಿನ ಜಾಲರಿಯೇ ಗತಿ. ನೀರಿನ ಫಿಲ್ಟರ್ ಇರೋ ಮಿಷನ್ ಆದ್ರೆ ಎಲ್ಲಕ್ಕಿಂತ ಸುಲಭ, ನೀರಿನ ತೊಟ್ಟಿಗೆ ಮೂರು ನಾಲ್ಕು ಹನಿ ಹಾಕಿದ್ರೆ ಮುಗೀತು. ಸೋಪು, ಫಿನಾಯಿಲ್, ನೆಲ ಒರೆಸೋ ಲಿಕ್ವಿಡ್ ಹಾಕಬೇಡಿ. ನೊರೆ ಎದ್ದು ಮೋಟರಿಗೆ ನುಗ್ಗುತ್ತೆ. ಕೆಲಸ ಆದ ತಕ್ಷಣ ನೀರು ಚೆಲ್ಲಿ ತೊಟ್ಟಿ ಒರೆಸಿಡಿ, ರಾತ್ರಿ ಬಿಟ್ಟರೆ ಬೆಳಿಗ್ಗೆ ಚರಂಡಿ. ರೋಬೋಟ್ ಬಿಟ್ಟುಬಿಡಿ. ಅದು ಬಿಡೋ ಗಾಳಿ ಕಮ್ಮಿ, ಸೆನ್ಸರಿಗೆ ಬಟ್ಟೆ ಅಡ್ಡ ಬಂದ್ರೆ ಗೋಡೆಗೆ ಹೋಗಿ ಗುದ್ದುತ್ತೆ.

[ದೃಶ್ಯ: ಹೆಪಾ ಫಿಲ್ಟರಿನ ಮಡಿಕೆಗಳು, ಹತ್ತಿರದಿಂದ.]

ಹೆಪಾ ಫಿಲ್ಟರಿನ ಮೇಲೇ ಎಣ್ಣೆ ಬಿಡಿ ಅನ್ನೋ ಸಲಹೆ ಎಲ್ಲ ಕಡೆ ಓಡಾಡ್ತಿದೆ. ಅದು ತಪ್ಪು. ಎಷ್ಟೋ ಫಿಲ್ಟರ್‌ಗಳ ಎಳೆಗಳಲ್ಲಿ ಸ್ಥಿರ ವಿದ್ಯುತ್ ತುಂಬಿರ್ತಾರೆ, ಸಣ್ಣ ಧೂಳನ್ನ ಅದೇ ಸೆಳೆದು ಹಿಡಿಯೋದು. ಎಣ್ಣೆ ತಾಗಿದ ಕಡೆ ಆ ಶಕ್ತಿ ಹೋಗುತ್ತೆ. ನೋಡೋಕೆ ಫಿಲ್ಟರ್ ಹೊಸದರ ಹಾಗೇ ಇರುತ್ತೆ, ಧೂಳು ಮಾತ್ರ ಪರಿಮಳದ ಜೊತೆಗೇ ನಿಮ್ಮ ಮೂಗಿಗೆ ಬರುತ್ತೆ.

ಇದಕ್ಕಿಂತ ಅಪಾಯ ಅಂದ್ರೆ ಡಿಯೋಡರೆಂಟ್, ಸೆಂಟನ್ನ ಪೈಪಿಗೆ ಹೊಡೆಯೋದು. ಅದರಲ್ಲಿ ಆಲ್ಕೋಹಾಲ್ ಇರುತ್ತೆ. ಕರೆಂಟಿನ ಮೇಲೆ ಓಡೋ ಹೆಚ್ಚಿನ ಮಿಷನ್ನುಗಳ ಮೋಟರಿನಲ್ಲಿ ಕಾರ್ಬನ್ ಬ್ರಷ್ ಉಜ್ಜುತ್ತಾ ಸಣ್ಣ ಕಿಡಿ ಹಾರ್ತಾನೇ ಇರುತ್ತೆ. ಆವಿನೂ ಕಿಡಿನೂ ಸೇರಿದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕರ್ಪೂರವೂ ಅದೇ ಜಾತಿ, ಮಿಷನ್ ಹತ್ತಿರ ತರಬೇಡಿ. ದೇವರ ಮನೆ ಗುಡಿಸೋವಾಗ ಊದುಬತ್ತಿ ಬೂದಿ ಎಳೆಸಿದ್ರೆ ಪರಿಮಳ ಬರುತ್ತೆ ಅಂದುಕೊಳ್ಳೋರಿದ್ದಾರೆ. ಬರೋದು ಸುಟ್ಟ ವಾಸನೆ. ಬೂದಿಯಲ್ಲಿ ಕೆಂಡ ಉಳಿದಿದ್ರೆ ಚೀಲದಲ್ಲಿರೋ ಧೂಳೇ ಹೊತ್ತಿಕೊಳ್ಳುತ್ತೆ. ಬಾಗಿಲ ಮುಂದಿನ ರಂಗೋಲಿ ಪುಡಿನೂ ಅಷ್ಟೇ, ಕಲ್ಲಿನ ಹಿಟ್ಟು ಅದು, ಪೊರಕೆಗೇ ಬಿಡಿ. ಟಾಲ್ಕಂ ಪೌಡರನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಿ.

[ದೃಶ್ಯ: ಹಾಸಿಗೆಯ ಮೇಲೆ ಜರಡಿಯಿಂದ ಸೋಡಾ ಉದುರಿಸುವುದು.]

ಹಾಸಿಗೆ, ಜಮಖಾನಕ್ಕೆ ಅಡುಗೆ ಸೋಡಾ ಒಳ್ಳೆಯದು. ಬೆವರಿನ ಹುಳಿ ವಾಸನೆ ಆಮ್ಲದ್ದು, ಸೋಡಾ ಅದನ್ನ ಮುರಿಯುತ್ತೆ. ಒಂದು ಕಪ್ ಸೋಡಾಗೆ ಹತ್ತು ಹನಿ ಎಣ್ಣೆ ಹಾಕಿ, ಬೆರಳಲ್ಲಿ ಉಜ್ಜಿ ಗಂಟು ಒಡೆದು, ಮುಚ್ಚಳ ಬಿಗಿ ಇರೋ ಬಾಟಲಿಯಲ್ಲಿ ಒಂದು ರಾತ್ರಿ ಇಡಿ. ಆರಡಿಗೆ ಮೂರಡಿ ಹಾಸಿಗೆಗೆ ನಾಲ್ಕು ದೊಡ್ಡ ಚಮಚ ಸಾಕು, ಜರಡಿಯಿಂದ ತೆಳ್ಳಗೆ ಉದುರಿಸಿ ಅರ್ಧ ಗಂಟೆ ಬಿಡಿ. ಆಮೇಲೆ ಉದ್ದಕ್ಕೊಂದು ಸಲ, ಅಡ್ಡಕ್ಕೊಂದು ಸಲ ನಿಧಾನಕ್ಕೆ ಎಳೆಯಿರಿ. ಹಾಸಿಗೆ ತೇವ ಇದ್ರೆ ಸೋಡಾ ಹಿಟ್ಟಿನ ಹಾಗೆ ಅಂಟಿಕೊಳ್ಳುತ್ತೆ, ಮಳೆ ಹೊಳವಾದ ದಿನ ನೋಡಿ ಮಾಡಿ. ಡಬ್ಬಿ ಮಿಷನ್ನಿನವರು ಇದಾದ ತಕ್ಷಣ ಫಿಲ್ಟರ್ ತಟ್ಟಿ ಶುಚಿ ಮಾಡಲೇಬೇಕು. ರೆಡ್ ಆಕ್ಸೈಡ್ ನೆಲಕ್ಕೆ, ಮರದ ಅಟ್ಟಕ್ಕೆ ಸೋಡಾ ಬೇಡ, ಬಿಳಿ ಮಬ್ಬು ಕೂರುತ್ತೆ.

ಸೋಡಾ ಬೂಷ್ಟನ್ನ ಕೊಲ್ಲಲ್ಲ. ಗೋಡೆಯಲ್ಲೋ ಹಾಸಿಗೆಯಲ್ಲೋ ಬೂಷ್ಟು ಕಣ್ಣಿಗೆ ಕಾಣ್ತಿದ್ರೆ ಸಾಧಾರಣ ವ್ಯಾಕ್ಯೂಮ್ ಹಾಕಬೇಡಿ. ಅದರ ಬೀಜಕಣಗಳನ್ನ ಹಿಂದಿನ ಜಾಲರಿಯಿಂದ ಮನೆಗೆಲ್ಲ ಎರಚಿದ ಹಾಗಾಗುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಬಿಸಾಕಿ.

ಎಣ್ಣೆಯ ಪ್ರಮಾಣ ಊರಿಂದ ಊರಿಗೆ ಬದಲಾಗುತ್ತೆ. ಅರಸೀಕೆರೆ, ಕಡೂರು ಕಡೆ ಒಣ ಹವೆ, ಬೇಸಿಗೆಯಲ್ಲಿ ಎರಡು ಹನಿ ಹತ್ತೇ ನಿಮಿಷಕ್ಕೆ ಹಾರಿಹೋಗುತ್ತೆ. ಅಲ್ಲಿಗೆ ಮೂರು ಹನಿ. ಶೃಂಗೇರಿ, ಸಕಲೇಶಪುರದ ಮಳೆಗಾಲದಲ್ಲಿ ಕಿಟಕಿ ಮುಚ್ಚಿರುತ್ತೆ, ಒಂದೇ ಹನಿ ಇಡೀ ಕೋಣೆಗೆ ಮೂಗಿಗೆ ಹೊಡೆಯುತ್ತೆ. ಒಂದರಿಂದ ಶುರು ಮಾಡಿ, ತಲೆ ಹಿಡಿದುಕೊಂಡ್ರೆ ಅದೂ ಹೆಚ್ಚಾಯ್ತು. ಮನೆಯಲ್ಲಿ ಉಬ್ಬಸ ಇರೋರು, ಹಸುಗೂಸು ಇದ್ರೆ ಎಣ್ಣೆ ಪೂರ್ತಿ ಬಿಡಿ. ಬೆಕ್ಕು ಇರೋರೂ ಅಷ್ಟೇ, ಇಂಥ ಎಣ್ಣೆಗಳನ್ನ ಕರಗಿಸಿ ಹೊರಹಾಕೋ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಕಮ್ಮಿ.

[ದೃಶ್ಯ: ಗಂಟನ್ನ ಬಿಚ್ಚಿ ಸ್ಟೀಲ್ ಡಬ್ಬಿಗೆ ಹಾಕುವುದು.]

ಕೆಲಸ ಮುಗಿದ ಮೇಲೆ ಜಾಲರಿಗೆ ಕಟ್ಟಿದ ಗಂಟನ್ನ ಹಾಗೇ ಬಿಡಬೇಡಿ, ಮಳೆಗಾಲದ ತೇವ ಹೀರಿ ಅದೇ ಬೂಷ್ಟು ಹಿಡಿಯುತ್ತೆ. ಬಿಚ್ಚಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿಡಿ. ಮುಂದಿನ ಸಲ ಕಟ್ಟೋ ಮುಂಚೆ ಬೆರಳಲ್ಲಿ ಒಮ್ಮೆ ಹಿಸುಕಿ, ಪರಿಮಳ ಮತ್ತೆ ಏಳುತ್ತೆ. ನಾಲ್ಕೈದು ಸಲ ಆದ ಮೇಲೆ ಒಳಗಿಂದನ್ನ ಹಿತ್ತಲಿನ ಗೊಬ್ಬರದ ಗುಂಡಿಗೆ ಸುರಿದು, ಬಟ್ಟೆ ಒಗೆದು ಹೊಸದಾಗಿ ತುಂಬಿಕೊಳ್ಳಿ.