ನೀಲಿಯ ಬೆನ್ನು ಹತ್ತಿದವರು

ಕೇಳುಗರಿಗೆಲ್ಲ ನಮಸ್ಕಾರ.

ಮೊದಲ ಮಳೆ ಬಿದ್ದಾಗ ನಮ್ಮ ರಾಯಚೂರಿನಲ್ಲಿ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಎರಡು ತಿಂಗಳು ಹೆಂಚಿನಂತೆ ಕಾದ ಎರೆ ಹೊಲದ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಘಮ್ ಅಂತ ವಾಸನೆ ಏಳುತ್ತದೆ. ಒಳಗೆ ಮಲಗಿದ್ದ ಮುದುಕರೂ ಎದ್ದು ಬಂದು ಕಟ್ಟೆ ಮೇಲೆ ಕೂರುತ್ತಾರೆ. ಅದನ್ನು ಮಣ್ಣಿನ ವಾಸನೆ ಅಂತೀವಿ. ಆದರೆ ಅದರಲ್ಲಿ ದೊಡ್ಡ ಪಾಲು ಮಣ್ಣಿನದಲ್ಲ, ಮಣ್ಣಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳದ್ದು. ಅವು ಮಾಡುವ ಜಿಯೋಸ್ಮಿನ್ ಎಂಬ ವಸ್ತುವೇ ನಮ್ಮ ಮೂಗಿಗೆ ತಟ್ಟುವುದು. ಆ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದ ಕುಲಕ್ಕೆ ಸ್ಟ್ರೆಪ್ಟೊಮೈಸಿಸ್ ಎಂದು ಹೆಸರು.

ಹೆಸರು ಎಲ್ಲೋ ಕೇಳಿದಂತಿದೆ ಅಲ್ವಾ? ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಇದೇ ಮನೆತನದಿಂದ ಬಂದದ್ದು. 1943ರಲ್ಲಿ ಅಮೆರಿಕದ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ ವಿದ್ಯಾರ್ಥಿ ಅದನ್ನು ಕಂಡುಹಿಡಿದ. ನೊಬೆಲ್ ಗುರುವಿಗೆ ಬಂತು, ಶಿಷ್ಯನಿಗೆ ಬರಲಿಲ್ಲ. ಅದು ಬೇರೆ ಜಗಳ, ಇವತ್ತು ಬೇಡ.

ಇವತ್ತು ನಾನು ಹೇಳಬೇಕೆಂದಿರುವುದು ಡೇವಿಡ್ ಹಾಪ್‌ವುಡ್ ಎಂಬ ಇಂಗ್ಲೆಂಡಿನ ತಳಿವಿಜ್ಞಾನಿಯ ಬಗ್ಗೆ. 1954ರಲ್ಲಿ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಶುರು ಮಾಡಿದಾಗ ಅವರಿಗೆ 21 ವರ್ಷ. ಆಗ ಔಷಧ ಕಂಪನಿಗಳೆಲ್ಲ ಹೊಸ ಆಂಟಿಬಯೋಟಿಕ್ ಹುಡುಕಲು ಊರೂರಿನ ಮಣ್ಣು ತರಿಸಿ ಜರಡಿ ಹಿಡಿಯುತ್ತಿದ್ದವು. ನಮ್ಮ ಹಟ್ಟಿ ಚಿನ್ನದ ಗಣಿಯಲ್ಲಿ ಟನ್ನುಗಟ್ಟಲೆ ಕಲ್ಲು ಪುಡಿ ಮಾಡಿ ಕೆಲವೇ ಗ್ರಾಂ ಬಂಗಾರ ತೆಗೆಯುತ್ತಾರಲ್ಲ, ಹಾಗೆ. ಈ ಹುಡುಗ ಆ ಸಾಲಿನಲ್ಲಿ ನಿಲ್ಲಲಿಲ್ಲ. ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಎಂಬ ಒಂದೇ ಒಂದು ಜಾತಿಯನ್ನು ಹಿಡಿದು ಕೂತ. ಯಾಕೆ ಅದೇ? ಅದು ಚೆಂದದ ನೀಲಿ ಬಣ್ಣ ಬಿಡುತ್ತಿತ್ತು, ಅದಕ್ಕೆ.

ಆ ನೀಲಿಗೆ ಆಕ್ಟಿನೊರೋಡಿನ್ ಎನ್ನುತ್ತಾರೆ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಆರತಿಯ ಕೆಂಪು ನೀರಾಗುತ್ತದಲ್ಲ, ಇದೂ ಅಂಥದ್ದೇ ಆಟ ಆಡುತ್ತದೆ. ಹುಳಿ ತಾಕಿದರೆ ಕೆಂಪು, ಕ್ಷಾರ ತಾಕಿದರೆ ನೀಲಿ. ಇದೂ ಒಂದು ಆಂಟಿಬಯೋಟಿಕ್ಕೇ. ಆದರೆ ಬಲ ಕಡಿಮೆ, ಔಷಧಿಯಾಗಿ ಮೂರು ಕಾಸಿಗೂ ಬಾರದು. ಅಂಥದ್ದರ ಹಿಂದೆ ನಲವತ್ತು ವರ್ಷಕ್ಕಿಂತ ಜಾಸ್ತಿ ನಡೆದರು ಈ ಮನುಷ್ಯ. ನಮ್ಮ ಕಡೆ ಆಗಿದ್ದರೆ "ಇದರಿಂದ ಏನು ಲಾಭ ತಮ್ಮಾ?" ಅಂತ ಮೂರನೇ ತಿಂಗಳಿಗೇ ಕೇಳಿಬಿಡುತ್ತಿದ್ದೆವು. ನಾನೂ ಕೇಳುತ್ತಿದ್ದೆನೇನೋ.

ಆ ದಿನಗಳಲ್ಲಿ ಈ ಜೀವಿ ಬ್ಯಾಕ್ಟೀರಿಯಾವೋ ಬೂಷ್ಟೋ ಎಂಬುದೇ ಗೊಂದಲ. ಬೂಷ್ಟಿನಂತೆ ಎಳೆ ಎಳೆಯಾಗಿ ಬೆಳೆಯುತ್ತದೆ, ತುದಿಯಲ್ಲಿ ಬೀಜಕಣ ಬಿಡುತ್ತದೆ. ಹಾಪ್‌ವುಡ್ ಮತ್ತು ಆಡ್ರಿ ಗ್ಲೋವರ್ಟ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳಗಿನ ರಚನೆ ಬ್ಯಾಕ್ಟೀರಿಯಾದ್ದೇ ಎಂದು ಕಂಡಿತು. ಅದಕ್ಕೂ ಮೊದಲೇ ಹಾಪ್‌ವುಡ್ ಇನ್ನೊಂದು ಕೆಲಸ ಮಾಡಿದ್ದರು. ತಮಗೆ ಬೇಕಾದ ಒಂದೊಂದು ವಸ್ತುವನ್ನು ತಾವೇ ಮಾಡಿಕೊಳ್ಳಲಾರದ ಎರಡು ತಳಿಗಳನ್ನು ಒಟ್ಟಿಗೆ ಬೆಳೆಸಿ, ಎರಡೂ ಕೊರತೆ ಇಲ್ಲದ ಮರಿಗಳು ಹುಟ್ಟುವುದನ್ನು ತೋರಿಸಿದರು. ಅಂದರೆ ಇವು ಜೀನ್‌ಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ರೋಮ್‌ನಲ್ಲಿ ಸೆರ್ಮೊಂಟಿ ಎಂಬವರೂ ಅದೇ ಹೊತ್ತಿಗೆ ಇದನ್ನೇ ಕಂಡಿದ್ದರು. ಹೀಗೆ ಬೆರೆಸಿ ಎಣಿಸಿ, ಬೆರೆಸಿ ಎಣಿಸಿ, ಯಾವ ಜೀನ್ ಯಾವುದರ ಪಕ್ಕ ಇದೆ ಎಂಬ ನಕ್ಷೆ ಬಿಡಿಸಿದರು.

ಗ್ಲಾಸ್ಗೊದಲ್ಲಿ ಕೆಲವು ವರ್ಷ ಇದ್ದು, 1968ರಲ್ಲಿ ನಾರಿಚ್ ಊರಿನ ಜಾನ್ ಇನ್ನೆಸ್ ಸಂಸ್ಥೆಗೆ ಬಂದರು. ನನಗೆ ತುಂಬಾ ಹಿಡಿಸುವ ಪ್ರಯೋಗ ಅಲ್ಲಿಯದು. 1979ರಲ್ಲಿ ಪ್ರಕಟವಾಯಿತು. ಬ್ರಯಾನ್ ರಡ್ ಎಂಬವರ ಜೊತೆ ಸೇರಿ, ನೀಲಿ ಮಾಡುವ ಶಕ್ತಿ ಕಳಕೊಂಡ ತಳಿಗಳನ್ನು ಕಲೆಹಾಕಿದರು. ಆಮೇಲೆ ಎರಡೆರಡನ್ನು ಅಕ್ಕಪಕ್ಕ ಬೆಳೆಸಿದರು. ಒಂಟಿಯಾಗಿ ಯಾವುದೂ ನೀಲಿ ಮಾಡದು. ಆದರೆ ಕೆಲವು ಜೋಡಿಗಳಲ್ಲಿ ಒಂದರ ಅಂಚು ನೀಲಿಯಾಯಿತು! ಹೇಗೆ? ಒಂದು ಮನೆಯಲ್ಲಿ ಜೋಳದ ಹಿಟ್ಟಿದೆ, ಒಲೆ ಇಲ್ಲ. ಪಕ್ಕದ ಮನೆಯಲ್ಲಿ ಒಲೆ ಇದೆ, ಹಿಟ್ಟಿಲ್ಲ. ಹಿಟ್ಟು ಗೋಡೆ ದಾಟಿದರೆ ಒಲೆ ಇದ್ದ ಮನೆಯಲ್ಲಿ ರೊಟ್ಟಿ ಬೇಯುತ್ತದೆ. ಯಾರ ಮನೆಯಲ್ಲಿ ರೊಟ್ಟಿ ಬೆಂದಿತು ಎಂದು ನೋಡಿದರೆ ಯಾರಿಗೆ ಏನು ಕಡಿಮೆ ಇತ್ತು ಎಂದು ತಿಳಿಯುತ್ತದೆ. ಹೀಗೆ ಆ ತಳಿಗಳನ್ನು ಏಳು ಗುಂಪು ಮಾಡಿದರು. ಆ ಜೀನ್‌ಗಳೆಲ್ಲ ಚದುರಿಲ್ಲ, ಒಂದೇ ಕಡೆ ಗುಂಪಾಗಿ ಕೂತಿವೆ ಎಂಬುದೂ ಗೊತ್ತಾಯಿತು.

ಒಂದೇ ಗಂಟಿನಲ್ಲಿದ್ದರೆ ಗಂಟನ್ನೇ ಎತ್ತಬಹುದಲ್ಲ! 1984ರಲ್ಲಿ ಮಾಲ್‌ಪಾರ್ಟಿಡಾ ಎಂಬವರ ಜೊತೆ ಅದನ್ನೂ ಮಾಡಿದರು. ಇಡೀ ಗಂಟನ್ನು ಇನ್ನೊಂದು ಜಾತಿಯ ಸ್ಟ್ರೆಪ್ಟೊಮೈಸಿಸ್‌ಗೆ ಹಾಕಿದರೆ ಅದು ಆಕ್ಟಿನೊರೋಡಿನ್ ಮಾಡತೊಡಗಿತು. ಮರುವರ್ಷ ಜಪಾನಿನ ಒಮುರಾ ಅವರ ಜೊತೆ ಸೇರಿ, ಎರಡು ಜಾತಿಗಳ ಜೀನ್ ಬೆರೆಸಿ, ಯಾವ ಮಣ್ಣಿನಲ್ಲೂ ಅದುವರೆಗೆ ಕಾಣದ ಹೊಸ ಆಂಟಿಬಯೋಟಿಕ್ ತೆಗೆದರು. ಜೀನ್ ತಂತ್ರದಿಂದ ಹೀಗೆ ಮಾಡಿದ್ದು ಅದೇ ಮೊದಲು. ಈ ಒಮುರಾ ಅವರಿಗೇ 2015ರಲ್ಲಿ ನೊಬೆಲ್ ಬಂತು, ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಲ್ಲಿ ಸಿಕ್ಕ ಇನ್ನೊಂದು ಸ್ಟ್ರೆಪ್ಟೊಮೈಸಿಸ್‌ನ ಕೆಲಸಕ್ಕೆ.

ತಪ್ಪೂ ಆಗಿತ್ತು. ಹಾಪ್‌ವುಡ್ ತಮ್ಮ ನಕ್ಷೆಯನ್ನು ಬಳೆಯ ಹಾಗೆ ದುಂಡಗೆ ಬರೆದಿದ್ದರು. ಜೀನ್‌ಗಳನ್ನು ಹೊತ್ತ ಕ್ರೋಮೋಸೋಮ್ ಬ್ಯಾಕ್ಟೀರಿಯಾದಲ್ಲಿ ದುಂಡಗಿರುತ್ತದೆ ಎಂದೇ ಆಗ ಎಲ್ಲರ ನಂಬಿಕೆ. 1993ರಲ್ಲಿ ತೈವಾನಿನ ಕಾರ್ಟನ್ ಚೆನ್ ಗುಂಪು ಇದರ ಹತ್ತಿರದ ನೆಂಟನೊಂದರಲ್ಲಿ ಅದು ಬಳೆಯಲ್ಲ, ಎರಡು ತುದಿ ಇರುವ ದಾರ ಎಂದು ತೋರಿಸಿತು. ನೀಲಿ ಜಾತಿಯದ್ದೂ ದಾರವೇ. ಜೀನ್‌ಗಳ ಸಾಲು ಮಾತ್ರ ಅವರು ಬರೆದ ಹಾಗೇ ಇತ್ತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಪ್ಲೇಟ್ ಮೇಲಿನ ಚುಕ್ಕೆ ಎಣಿಸಿ ಬರೆದ ಸಾಲು ಅದು.

2002ರಲ್ಲಿ ಈ ಜೀವಿಯ ಇಡೀ ಜೀನೋಮ್, ಅಂದರೆ ಅದರ ಎಲ್ಲ ಜೀನ್‌ಗಳ ಬರಹ, ಓದಿ ಮುಗಿಯಿತು. 7,825 ಜೀನ್‌ಗಳು. ಆವರೆಗೆ ಓದಿದ್ದ ಯಾವ ಬ್ಯಾಕ್ಟೀರಿಯಾದಲ್ಲೂ ಅಷ್ಟು ಇರಲಿಲ್ಲ. ಮನುಷ್ಯನಿಗೇ ಸುಮಾರು 20 ಸಾವಿರ ಇರುವುದು! ಅದಕ್ಕಿಂತ ಬೆರಗು ಇನ್ನೊಂದಿದೆ. ಈ ಜೀವಿ ನಾಲ್ಕು ಆಂಟಿಬಯೋಟಿಕ್ ಮಾಡುತ್ತದೆ ಎಂದಷ್ಟೇ ಗೊತ್ತಿತ್ತು. ಓದಿ ನೋಡಿದರೆ ಇಂಥ ವಸ್ತುಗಳನ್ನು ಮಾಡಬಲ್ಲ ಗಂಟುಗಳು 20ಕ್ಕೂ ಜಾಸ್ತಿ. ಹಲವು ಸುಮ್ನೆ ಮಲಗಿದ್ದವು. ಅರ್ಧ ಶತಮಾನ ಕಣ್ಣಿಟ್ಟು ನೋಡಿದ ಜೀವಿಯೇ ಇಷ್ಟು ಮುಚ್ಚಿಟ್ಟುಕೊಂಡಿತ್ತು ಅಂದರೆ, ಜರಡಿ ಹಿಡಿದು ಬಿಸಾಕಿದ ಉಳಿದವುಗಳ ಕತೆ ಏನು?

ಈಗ ನಮ್ಮೂರಿಗೆ ಬರೋಣ. ನಾನು ಈ ಜಿಲ್ಲೆಯ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಿದ್ದೆ. ಮಕ್ಕಳಿಗೆ ಅವರವರ ಹೊಲದ ಮಣ್ಣು ತರಲು ಹೇಳುತ್ತಿದ್ದೆ. ಸಿಂಧನೂರಿನ ಗದ್ದೆಯ ಮಣ್ಣು, ಮಾನ್ವಿಯ ಹತ್ತಿ ಹೊಲದ್ದು, ಲಿಂಗಸುಗೂರಿನ ಮಸಾರಿ. ನೆರಳಲ್ಲಿ ಒಣಗಿಸಿ, ನೀರಲ್ಲಿ ಕದಡಿ, ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳು ಮಾಡಿ, ಅಗರ್ ಎಂಬ ಜೆಲ್ಲಿ ಹಾಕಿದ ಪ್ಲೇಟಿಗೆ ಹಚ್ಚುವುದು. ಬೇರೆ ಬ್ಯಾಕ್ಟೀರಿಯಾ ಮರುದಿನವೇ ಲೋಳೆ ಲೋಳೆಯಾಗಿ ಹರಡುತ್ತವೆ. ಸ್ಟ್ರೆಪ್ಟೊಮೈಸಿಸ್‌ಗಳು ಐದು ದಿನವಾದರೂ ತೆಗೆದುಕೊಳ್ಳುತ್ತವೆ. ಸುಣ್ಣದ ಪುಡಿ ಉದುರಿಸಿದ ಹಾಗೆ ಪುಟ್ಟ ಗುಂಡು ಏಳುತ್ತದೆ. ತಂತಿಯಲ್ಲಿ ಕೆದಕಿದರೆ ಬರುವುದಿಲ್ಲ, ಬೇರು ಬಿಟ್ಟ ಹಾಗೆ ಅಗರ್‌ಗೆ ಕಚ್ಚಿಕೊಂಡಿರುತ್ತದೆ. ಮುಚ್ಚಳ ಸ್ವಲ್ಪ ಎತ್ತಿದರೆ ಮೊದಲ ಮಳೆಯ ಅದೇ ವಾಸನೆ.

ಒಂದು ಮೇ ತಿಂಗಳಲ್ಲಿ ಎರಡು ದಿನ ಕರೆಂಟ್ ಹೋಯಿತು. ಪ್ಲೇಟುಗಳು ಹಪ್ಪಳದಂತೆ ಒಣಗಿ ಸೀಳಿದವು. ಒಂದಷ್ಟಕ್ಕೆ ಬೂಷ್ಟು ಹತ್ತಿತು. ಉಳಿದ ಮೂರರಲ್ಲಿ ಒಂದು ಮಾನ್ವಿಯ ಹುಡುಗಿಯದು. ಅದರಲ್ಲಿ ಒಂದು ಗುಂಡಿನ ಸುತ್ತ ನೀಲಿ ಇಳಿದಿತ್ತು. ಹಾಪ್‌ವುಡ್ ಕತೆ ಕೇಳಿದ್ದ ಹುಡುಗಿ, ಕೂಗಿಕೊಂಡೇ ಓಡಿ ಬಂದಳು. ಕ್ಯಾಂಟೀನಿನಿಂದ ಅರ್ಧ ನಿಂಬೆಹಣ್ಣು ತರಿಸಿದೆವು. ಒಂದು ಹನಿ ಬಿಟ್ಟೆವು. ಕೆಂಪಾಗಬೇಕು. ಎಲ್ಲರೂ ಬಗ್ಗಿ ನೋಡಿದರು. ಐದು ನಿಮಿಷವಾಯಿತು, ಹತ್ತಾಯಿತು. ನೀಲಿ ನೀಲಿಯಾಗಿಯೇ ಇತ್ತು.

"ಸರ್, ಹಂಗಾದ್ರ ಇದು ಯಾವ ನೀಲಿ ರೀ?" ಎಂದಳು.

ಹೊಸ ಪ್ಲೇಟ್ ತಗೊಂಡು ಬಾ ಎಂದೆ.

ನಮಸ್ಕಾರ.