ಮರೆಗುಳಿ ಸರ್ವರ್

ನಮಸ್ಕಾರ.

ನಮ್ಮ ಮನೆ ಮಲೆನಾಡಿನಲ್ಲಿ. ಮಳೆಗಾಲ ಹಿಡಿಯಿತೆಂದರೆ ಕರೆಂಟು ಯಾವಾಗ ಹೋಯಿತು, ಯಾವಾಗ ಬಂತು ಅಂತ ಯಾರೂ ಲೆಕ್ಕ ಇಡುವುದಿಲ್ಲ. ಅಂಥ ಮನೆಯಲ್ಲಿ ನಾನೊಂದು ಸರ್ವರ್ ಇಟ್ಟಿದ್ದೇನೆ. ದೊಡ್ಡದೇನಲ್ಲ. ಮೂಲೆ ಸೇರಿದ್ದ ಹಳೇ ಲ್ಯಾಪ್‌ಟಾಪು, ಅದಕ್ಕೊಂದು ಪೆನ್‌ಡ್ರೈವು, ಹೊರಗಿನಿಂದ ಸಿಕ್ಕಿಸಿದ ಒಂದು ಹಾರ್ಡ್ ಡಿಸ್ಕು. ಅಪ್ಪನ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ತಾಳಮದ್ದಲೆ, ಮದುವೆ ಮುಂಜಿಗಳ ಫೋಟೋ, ತೋಟದ ಲೆಕ್ಕ ಎಲ್ಲ ಆ ಡಿಸ್ಕಿನಲ್ಲಿವೆ. ಮನೆಯ ವೈಫೈ ಹಿಡಿದವರಿಗೆ ಮೊಬೈಲಿನಲ್ಲೇ ಸಿಗುತ್ತವೆ.

ಮೊದಲು ಎಲ್ಲರ ಹಾಗೆ ಲ್ಯಾಪ್‌ಟಾಪಿನ ಒಳಗಿನ ಡಿಸ್ಕಿಗೇ ಲಿನಕ್ಸ್ (ವಿಂಡೋಸಿನಂಥ ಕಾರ್ಯಾಚರಣ ವ್ಯವಸ್ಥೆ) ಹಾಕಿದ್ದೆ. ಬ್ಯಾಟರಿ ಮುದಿಯಾಗಿತ್ತು, ಹತ್ತು ನಿಮಿಷ ತಡೆದರೆ ಹೆಚ್ಚು. ಎರಡು ಮಳೆಗಾಲಕ್ಕೆ ಡಿಸ್ಕು ಕೈಕೊಟ್ಟಿತು. ಆಗ ಹಿಡಿದದ್ದು ಲೈವ್ ಲಿನಕ್ಸಿನ ದಾರಿ: ಇನ್‌ಸ್ಟಾಲ್ ಮಾಡುವ ಗೋಜಿಲ್ಲ, ಪೆನ್‌ಡ್ರೈವಿನಿಂದಲೇ ಬೂಟ್ ಆಗುತ್ತದೆ, ಅಂದರೆ ಶುರುವಾಗುತ್ತದೆ.

ಇದೇನು ಹೊಸ ವಿದ್ಯೆಯಲ್ಲ. ಜರ್ಮನಿಯ ಕ್ಲೌಸ್ ಕ್ನಾಪರ್ 2000ದಲ್ಲೇ ಕ್ನಾಪಿಕ್ಸ್ ಅನ್ನುವ ಲೈವ್ ಲಿನಕ್ಸ್ ಹೊರತಂದರು. 700 ಎಂಬಿಯ ಸಿಡಿಯಲ್ಲಿ ಸುಮಾರು ಎರಡು ಜಿಬಿಯಷ್ಟು ತಂತ್ರಾಂಶವನ್ನು ಒತ್ತಿ ತುಂಬಿದ್ದರು. ಆದರೆ ಅದು ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡುವವರಿಗೆ. ದಿನವಿಡೀ ಒಂದು ಮೂಲೆಯಲ್ಲಿ ತನ್ನಷ್ಟಕ್ಕೆ ಓಡುವುದಕ್ಕೆ ನನಗೆ ಹೊಂದಿದ್ದು ಆಲ್ಪೈನ್ ಲಿನಕ್ಸ್.

ಅದರಲ್ಲಿ 'ಡಿಸ್ಕ್‌ಲೆಸ್' ಅನ್ನುವ ಒಂದು ರೀತಿ ಇದೆ. ಬೂಟ್ ಆಗುವಾಗ ಇಡೀ ವ್ಯವಸ್ಥೆ ಕರೆಂಟು ಹೋದರೆ ಅಳಿಸಿಹೋಗುವ ತಾತ್ಕಾಲಿಕ ನೆನಪಾದ ರ್‍ಯಾಮಿಗೆ ಬಂದು ಕೂರುತ್ತದೆ, ಆಮೇಲೆ ಪೆನ್‌ಡ್ರೈವಿಗೆ ಏನನ್ನೂ ಬರೆಯುವುದಿಲ್ಲ. ಕರೆಂಟು ಪಟ್ಟನೆ ಹೋದರೂ ಅರ್ಧ ಬರೆದು ಕೆಟ್ಟ ಫೈಲು ಅದರಲ್ಲಿ ಉಳಿಯುವುದಿಲ್ಲ. ಮತ್ತೆ ಶುರುವಾದಾಗ ಮೊದಲ ದಿನದಷ್ಟೇ ಶುದ್ಧ. ಹಾಗಂತ ಹೊರಗಿನ ಡಿಸ್ಕಿಗೆ ಈ ರಕ್ಷೆ ಇಲ್ಲ. ಅದಕ್ಕೆ ಬೇರೆ ಬ್ಯಾಕಪ್ ಬೇಕೇ ಬೇಕು.

ತೊಂದರೆ ಇರುವುದೂ ಈ ಶುದ್ಧದಲ್ಲೇ. ನಾವು ಮಾಡಿದ ಬದಲಾವಣೆಯೂ ತೊಳೆದುಹೋಗುತ್ತದೆ! ಉಳಿಯಬೇಕಿದ್ದರೆ 'ಎಲ್‌ಬಿಯು ಕಮಿಟ್' ಅಂತ ಒಂದು ಆಜ್ಞೆ ಕೊಡಬೇಕು. ಅದು 'ಇಟಿಸಿ' ಫೋಲ್ಡರಿನಲ್ಲಿರುವ ಸೆಟ್ಟಿಂಗುಗಳನ್ನು ಒಂದು ಚಿಕ್ಕ ಗಂಟು ಕಟ್ಟಿ ಪೆನ್‌ಡ್ರೈವಿನಲ್ಲಿಡುತ್ತದೆ. ಮುಂದಿನ ಬೂಟಿನಲ್ಲಿ ಗಂಟು ಬಿಚ್ಚಿಕೊಳ್ಳುತ್ತದೆ.

ನಾನು ಕಮಿಟ್ ಕೊಟ್ಟೆ, ನಿಶ್ಚಿಂತೆಯಾಗಿ ಮಲಗಿದೆ. ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು. ಬೆಳಿಗ್ಗೆ ಅಪ್ಪ ಮೊಬೈಲು ಹಿಡಿದುಕೊಂಡು ಬಂದರು. "ಎಂಥದೋ ಇದು, ಪಾಸ್‌ವರ್ಡ್ ತಪ್ಪು ಅಂತದೆ? ನಿನ್ನೆ ಸರಿ ಇತ್ತಲ್ಲ."

ಸರ್ವರ್ ಎದ್ದಿತ್ತು, ಡಿಸ್ಕೂ ಕಾಣುತ್ತಿತ್ತು, ಒಳಗೆ ಬಿಡುತ್ತಿರಲಿಲ್ಲ ಅಷ್ಟೆ. ಫೈಲು ಹಂಚುವ ಸಾಂಬಾ ತಂತ್ರಾಂಶ ತನ್ನ ಸೆಟ್ಟಿಂಗನ್ನು 'ಇಟಿಸಿ'ಯಲ್ಲಿಟ್ಟರೂ ಬಳಕೆದಾರರ ಪಾಸ್‌ವರ್ಡನ್ನು ಇಡುವುದು 'ವಾರ್' ಫೋಲ್ಡರಿನೊಳಗೆ. ಗಂಟು ಕಟ್ಟುವಾಗ ಅತ್ತ ಯಾರೂ ನೋಡುವುದಿಲ್ಲ, ನಾವಾಗಿ ಹೇಳದ ಹೊರತು. 'ಎಲ್‌ಬಿಯು ಆ್ಯಡ್' ಅಂತ ಆ ಜಾಗವನ್ನೂ ಸೇರಿಸಿ ಮತ್ತೆ ಕಮಿಟ್ ಮಾಡಿದೆ. ಈಗ ಪ್ರತಿ ಸಲ ಮೊದಲು 'ಎಲ್‌ಬಿಯು ಸ್ಟೇಟಸ್' ಕೇಳುತ್ತೇನೆ, ಗಂಟಿಗೆ ಸೇರಿಸಿದ ಜಾಗಗಳಲ್ಲಿ ಇನ್ನೂ ಕಮಿಟ್ ಆಗದೆ ಉಳಿದದ್ದನ್ನು ಅದು ತೋರಿಸುತ್ತದೆ.

ಇನ್ನೊಂದು ಮಾತು. ಸಾಂಬಾದಂಥ ಪ್ಯಾಕೇಜುಗಳು ಪ್ರತಿ ಬೂಟಿನಲ್ಲೂ ಹೊಸದಾಗಿ ಕೂರಬೇಕು. ಪೆನ್‌ಡ್ರೈವಿನಲ್ಲೇ ಅವುಗಳ ಕ್ಯಾಶ್, ಅಂದರೆ ಒಮ್ಮೆ ಇಳಿಸಿಕೊಂಡ ಪ್ರತಿ, ಇಟ್ಟುಕೊಳ್ಳದಿದ್ದರೆ ಇಂಟರ್‌ನೆಟ್ಟಿಗೆ ಕೈಚಾಚಬೇಕಾಗುತ್ತದೆ. ನಮ್ಮಲ್ಲಿ ಕರೆಂಟು ಬಂದ ಕೂಡಲೇ ನೆಟ್ ಬರುವ ಪದ್ಧತಿ ಇಲ್ಲ.

ಮೊನ್ನೆ ಆ ಪೆನ್‌ಡ್ರೈವಿನ ಪಡಿಯಚ್ಚು ಇನ್ನೊಂದನ್ನು ಮಾಡಿ ಲ್ಯಾಪ್‌ಟಾಪಿನ ಬೆನ್ನಿಗೆ ಟೇಪು ಹಾಕಿ ಅಂಟಿಸಿದೆ. ಚುಚ್ಚಿಕೊಂಡಿರುವ ಪೆನ್‌ಡ್ರೈವಿಗೆ ಅಪ್ಪ ತಾವೇ ಚೀಟಿ ಅಂಟಿಸಿದ್ದಾರೆ: "ತಾಳಮದ್ದಲೆ. ಕೀಳಬೇಡಿ."